ಟೈರಿನ ಅಳತೆ

ಹೆಣ್ಣು ಹೆತ್ತ ತಾಯಂದಿರ ಚಿಂತೆಗಳಲ್ಲಿ ಮೋಟಾರ್ ಸೈಕಲ್ಲಿನ ಹಿಂದಿನ ಟೈರು ಎಷ್ಟು ಅಗಲವಿರಬೇಕು ಎನ್ನುವುದೂ ಒಂದು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. 2017ರ ಮೇ ತಿಂಗಳಿಂದ ಸುಮಾರು ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಊಟ, ತಿಂಡಿ, ಜಗಳ, ಮಾತು ಬಿಟ್ಟದ್ದು, ಮತ್ತೆ ಆಡಿದ್ದು ಎಲ್ಲವೂ ಒಂದೇ ಒಂದು ಟೈರಿನ ಸುತ್ತ ನಡೆಯಿತು.

ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಇಂಚು ಟೇಪು ಕೊರಳಲ್ಲಿ ಇಲ್ಲದಿದ್ದರೆ ತಾಳಿ ಮರೆತವಳಂತೆ ಚಡಪಡಿಸುತ್ತೇನೆ. ಆದರೆ ಮೋಟಾರ್ ಸೈಕಲ್ಲು ನಮ್ಮ ಮನೆಗೆ ಹೊಸದಲ್ಲ. ನಮ್ಮ ಮಾವನವರು ಮೈಸೂರಿನ ಯಾದವಗಿರಿಯಲ್ಲಿದ್ದ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ನಾನು ಮದುವೆಯಾಗಿ ಬಂದಾಗ ಇನ್ನೂ ನಡೆಯುತ್ತಿತ್ತು. ಅವರ ಶರಟಿನ ಎಣ್ಣೆ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನಮ್ಮವರು ಮಾತ್ರ ತಂದೆಯ ಕಾರ್ಖಾನೆಯ ಗಾಡಿ ಬಿಟ್ಟು ಆರ್‌ಎಕ್ಸ್ 100 ಓಡಿಸಿದರು. ಅದರ ಹಿಂದಿನ ಟೈರು 2.75 ಇಂಚು, ಅಂದರೆ ಹೆಚ್ಚೂಕಡಿಮೆ ನನ್ನ ಅಂಗೈಯಷ್ಟು ಅಗಲ. 1998ರ ಮಳೆಗಾಲದಲ್ಲಿ, ಸವೆದು ಬೋಳಾಗಿದ್ದ ಅದೇ ಟೈರು ನಂಜನಗೂಡು ರಸ್ತೆಯಲ್ಲಿ ಜಾರಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿದು ಮೂರು ತಿಂಗಳು ಹಾಸಿಗೆಯಲ್ಲಿದ್ದರು. ಆಗ ಆಸ್ಪತ್ರೆಯ ದುಡ್ಡು ಕಟ್ಟಿದವನು ನನ್ನ ತಮ್ಮ. ಅವನಿಗೂ ಆಗ ಹೊಸ ಕೆಲಸ, ಚಿಕ್ಕ ಸಂಬಳ. ಆ ಸಾಲವನ್ನು ಅವನು ವಾಪಸು ಕೇಳಲೂ ಇಲ್ಲ, ನಾವು ತೀರಿಸಲೂ ಇಲ್ಲ. ಇದನ್ನು ಯಾಕೆ ಹೇಳಿದೆ ಎಂದು ಮುಂದೆ ಗೊತ್ತಾಗುತ್ತದೆ.

ಅಪ್ಪನ ಕುಂಟು ನೋಡುತ್ತಲೇ ಬೆಳೆದ ಮಗಳು ಮೋಟಾರ್ ಸೈಕಲ್ಲಿನಿಂದ ದೂರ ಇರುತ್ತಾಳೆ ಅಂದುಕೊಂಡಿದ್ದೆ. ಅವಳು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಯಾರೋ ಓಡಿಸಿ ಬಿಟ್ಟ ಹೋಂಡಾ ಸಿಬಿಆರ್ 250 ಗಾಡಿಯನ್ನು ತಂದು ಬಾಗಿಲಲ್ಲಿ ನಿಲ್ಲಿಸಿದಳು. ನಮ್ಮವರು ಒಳಗಿಂದ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದರು. ಆರು ತಿಂಗಳ ಮೇಲೆ, "ಅಮ್ಮ, ಟ್ರ್ಯಾಕ್ ಡೇಗೆ ಹೋಗ್ತೀನಿ" ಅಂದಳು.

ಟ್ರ್ಯಾಕ್ ಡೇ ಎಂದರೆ ರೇಸಲ್ಲ. ಯಾರೂ ಯಾರನ್ನೂ ಸೋಲಿಸಬೇಕಾಗಿಲ್ಲ, ಬಹುಮಾನವೂ ಇಲ್ಲ. ರೇಸಿನ ಪಥವನ್ನು ಒಂದು ದಿನಕ್ಕೆ ಬಾಡಿಗೆ ಹಿಡಿದು, ದುಡ್ಡು ಕಟ್ಟಿದವರನ್ನು ಅವರವರ ಅನುಭವ ನೋಡಿ ಗುಂಪು ಮಾಡಿ, ಹದಿನೈದಿಪ್ಪತ್ತು ನಿಮಿಷಕ್ಕೆ ಒಂದೊಂದು ಗುಂಪನ್ನು ಬಿಡುತ್ತಾರೆ. ಎದುರಿಂದ ಲಾರಿ ಬರುವುದಿಲ್ಲ, ಹಸು ಅಡ್ಡ ಬರುವುದಿಲ್ಲ, ಮರಳಿಲ್ಲ, ಹಂಪಿಲ್ಲ. ತಿರುವಿನಲ್ಲಿ ಗಾಡಿಯನ್ನು ಹೇಗೆ ಮಲಗಿಸಬೇಕು, ಬ್ರೇಕು ಎಲ್ಲಿ ಬಿಡಬೇಕು ಎಂಬುದನ್ನು ಅಲ್ಲಿ ಕಲಿಯಬಹುದು. "ನಂಜನಗೂಡು ರಸ್ತೆಗಿಂತ ಅದೇ ಕ್ಷೇಮ ಅಮ್ಮ" ಎಂದು ಅವಳು ಹೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪನಿಗೆ ಕೇಳುವ ಹಾಗೆಯೇ ಹೇಳಿದಳು ಅನ್ನಿಸುತ್ತದೆ.

ಹೋಗುವುದು ಕೊಯಮತ್ತೂರಿಗೆ. ಅಲ್ಲಿ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಪಥವಿದೆ. ಕರಿವರ್ಧನ್ ಎಂಬ ಅಲ್ಲಿಯ ಉದ್ಯಮಿ, ಫಾರ್ಮುಲಾ ಮಾರುತಿ ಎಂಬ ರೇಸಿನ ಕಾರನ್ನು ರೂಪಿಸಿದವರು, 1995ರಲ್ಲಿ ಪುಟ್ಟ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರನ್ನು ಪಥಕ್ಕೆ ಇಟ್ಟಿದ್ದಾರೆ. ಮಗಳು ಇದನ್ನು ಬಹಳ ಉತ್ಸಾಹದಿಂದ ಹೇಳಿದಳು. ನನಗೆ ಕೇಳಿಸಿದ್ದು 'ಅಪಘಾತದಲ್ಲಿ ತೀರಿಕೊಂಡರು' ಎಂಬುದೊಂದೇ.

ಟೈರಿನ ಕಥೆಗೆ ಬರೋಣ. ಅವಳ ಗಾಡಿಯ ಹಿಂದಿನ ಟೈರಿನ ಮೇಲೆ 140/70-17 ಎಂದು ಅಚ್ಚೊತ್ತಿರುತ್ತದೆ. 140 ಎನ್ನುವುದು ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಆ ಅಗಲದ ನೂರಕ್ಕೆ ಎಪ್ಪತ್ತು ಪಾಲು ಟೈರಿನ ಪಕ್ಕದ ಗೋಡೆಯ ಎತ್ತರ, ಅಂದರೆ 98 ಮಿಲಿಮೀಟರ್. ಕೊನೆಯ 17 ರಿಮ್ಮಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮ ಯಾರೋ, ಅವನ ಹೆಂಡತಿ ಹೇಗೆ ಲೆಕ್ಕ ಇಟ್ಟಳೋ! ಹಳೆಯದು ಸವೆದಿತ್ತೆಂದು ಮಗಳು ಸಂಬಳದಲ್ಲಿ ಉಳಿಸಿ ಅದೇ ಅಳತೆಯ, ಸ್ವಲ್ಪ ಮೆದು ರಬ್ಬರಿನ ಹೊಸ ಟೈರು ಹಾಕಿಸಿ, ಒಂದು ತಿಂಗಳು ರಸ್ತೆಯಲ್ಲಿ ಓಡಿಸಿ ಹದ ಮಾಡಿಕೊಂಡಿದ್ದಳು. ಹೊಸ ಟೈರಿನ ಮೇಲೆ ಒಂದು ನುಣುಪು ಇರುತ್ತದಂತೆ, ಅದು ಸವೆದು ಹೋಗುವವರೆಗೆ ಜಾರುವ ಭಯವಂತೆ.

ಕೊಳ್ಳುವ ಮೊದಲು ಅವಳು ಒಂದು ವಾರ 150/60 ಎಂಬ ಇನ್ನೊಂದು ಅಳತೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದಳು. ಅವಳ ಗಾಡಿಯ ಹಿಂದಿನ ರಿಮ್ಮು ನಾಲ್ಕು ಇಂಚು ಅಗಲ, ಅದಕ್ಕೆ 150 ಕೂರುತ್ತದೆ. ಟ್ರ್ಯಾಕಿಗೆ ಒಗ್ಗುವ ಒಳ್ಳೆಯ ರಬ್ಬರು ಆ ಅಳತೆಯಲ್ಲಿ ಹೆಚ್ಚು ಸಿಗುತ್ತದೆ, ಅದನ್ನು ಹಾಕಿಕೊಂಡು ಚೆನ್ನಾಗಿ ಓಡಿಸುವವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಗುಣಿಸಿ ನೋಡಿ: 150ರ ಶೇಕಡಾ 60 ಅಂದರೆ 90. ಮೊದಲಿನದಕ್ಕಿಂತ ಎಂಟು ಮಿಲಿಮೀಟರ್ ಗಿಡ್ಡ. ಗಾಡಿಯ ಹಿಂಭಾಗ ಅಷ್ಟು ಇಳಿಯುತ್ತದೆ. ಹಿಂದೆ ಇಳಿದರೆ ಮುಂದಿನ ಫೋರ್ಕು ಹೆಚ್ಚು ಓರೆಯಾಗಿ, ಗಾಡಿ ತಿರುವಿಗೆ ಬಾಗುವುದಕ್ಕೆ ಸೋಮಾರಿತನ ಮಾಡುತ್ತದೆ. "ಎಂಟು ಮಿಲಿಮೀಟರಿಗೆ ಏನೇ ಆಗುತ್ತೆ?" ಎಂದು ಕೇಳಿದೆ. "ನೀನು ತೋಳಿನ ಪಟ್ಟಿಯಲ್ಲಿ ಕಾಲಿಂಚು ತಪ್ಪಿದರೆ ಬಿಚ್ಚಿ ಮತ್ತೆ ಹೊಲೀತೀಯಲ್ಲ" ಅಂದಳು. ಬಾಯಿ ಮುಚ್ಚಿಕೊಂಡೆ.

ಹೀಗೆ ಎಲ್ಲ ತೀರ್ಮಾನವಾಗಿದ್ದಾಗ, ಹೋಗುವ ದಿನಕ್ಕೆ ಒಂದು ವಾರವಿದೆ ಅನ್ನುವಾಗ, ಬೆಂಗಳೂರಿಂದ ನನ್ನ ತಮ್ಮ ಬಂದ. ಕಾರಿನ ಡಿಕ್ಕಿಯಿಂದ ಒಂದು ಟೈರು ಇಳಿಸಿದ. 160/60. ಕಪ್ಪಗೆ, ಗುಂಡಗೆ, ಆನೆಮರಿಯ ಕಾಲಿನ ಹಾಗಿತ್ತು. "ಪುಟ್ಟಿ, ನಿನಗೆ ಉಡುಗೊರೆ. ಅಗಲ ಇದ್ದಷ್ಟೂ ನೆಲ ಹಿಡಿಯುತ್ತೆ. ಭಾವನ ಟೈರು ಸಣ್ಣದಿತ್ತು, ಅದಕ್ಕೇ ಜಾರಿತು" ಅಂದ. ಬೆಲೆ ಕೇಳಿದೆ, ಹೇಳಲಿಲ್ಲ. ಅದರ ಬಿಲ್ಲು ಕಾರಿನ ಸೀಟಿನ ಮೇಲೆ ಬಿದ್ದಿತ್ತು, ಓದಿಕೊಂಡೆ. ನನ್ನ ಎರಡು ತಿಂಗಳ ಹೊಲಿಗೆ.

ಮಗಳ ಮುಖ ಇಳಿಯಿತು. ಮಾವ ಊಟ ಮಾಡಿ ಮಲಗಿದ ಮೇಲೆ ಅಡುಗೆಮನೆಯಲ್ಲಿ ಪಿಸುಮಾತಿನ ಯುದ್ಧ. "ಅಮ್ಮ, ಇದು ನನ್ನ ರಿಮ್ಮಿಗೆ ದೊಡ್ಡದು. ಇದಕ್ಕೆ ನಾಲ್ಕೂವರೆ ಇಂಚಿನ ರಿಮ್ಮು ಬೇಕು. ಆರುನೂರೈವತ್ತು ಸಿಸಿ ಗಾಡಿಗಳಿಗೆ ಹಾಕೋದು." ನನಗೆ ಅದೆಲ್ಲ ಕಿವಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಕಟ್ಟಿದ್ದು ಅಂಗೈಯಗಲದ ಆ ಹಳೆಯ ಟೈರು, ಮಳೆ, ಆಸ್ಪತ್ರೆ, ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದ ತಮ್ಮ. ಅಗಲವಾದದ್ದು ಗಟ್ಟಿ, ಅಗಲವಾದದ್ದು ಬೀಳುವುದಿಲ್ಲ. ಮಣೆ, ಒಲೆ, ಅಡಿಪಾಯ ಯಾವುದನ್ನು ತೆಗೆದುಕೊಂಡರೂ ಹಾಗೇ ಅಲ್ಲವೇ? ಕೊನೆಗೆ ತಾಯಂದಿರು ಯಾವ ಅಸ್ತ್ರ ಬಿಡುತ್ತಾರೋ ಅದನ್ನೇ ಬಿಟ್ಟೆ. "ನನ್ನಾಣೆ ಇದೆ. ಇದನ್ನು ಹಾಕಿದರೆ ಹೋಗು, ಇಲ್ಲದಿದ್ದರೆ ಬೇಡ."

ಅವಳು ಹಾಕಿಸಿಕೊಂಡು ಬಂದಳು. ಟೈರಿಗೂ ಚೈನಿಗೂ ನಡುವೆ ನನ್ನ ಕಿರುಬೆರಳು ಕಷ್ಟಪಟ್ಟು ತೂರುವಷ್ಟು ಜಾಗವಿತ್ತು. ಪಂಕ್ಚರ್ ಅಂಗಡಿಯವನು, "ಮೇಡಂ, ಕೂತಿದೆ, ಆದರೆ ಒತ್ತಿ ಕೂತಿದೆ" ಅಂದನಂತೆ. ನಮ್ಮವರು ಜಗುಲಿಯ ಮೇಲೆ ಕುಳಿತು ಗಾಡಿಯ ಹಿಂಭಾಗವನ್ನೇ ಬಹಳ ಹೊತ್ತು ನೋಡಿದರು. ಆಗಲೂ ಮಾತಿಲ್ಲ.

ಜೂನ್ ತಿಂಗಳ ಒಂದು ಶನಿವಾರ ಚಿಕ್ಕ ಗೂಡ್ಸ್ ಗಾಡಿಯಲ್ಲಿ ಮೋಟಾರ್ ಸೈಕಲ್ಲನ್ನು ಹಗ್ಗ ಹಾಕಿ ಕಟ್ಟಿ ಹೊರಟೆವು. ನಾನೂ ಹೋದೆ. ಚಾಮರಾಜನಗರ, ಹಾಸನೂರು ದಾಟಿ ದಿಂಬಂ ಘಾಟಿ ಇಳಿಯಬೇಕು. ಇಪ್ಪತ್ತೇಳು ಕಡಿದಾದ ತಿರುವುಗಳು. ಪ್ರತಿ ತಿರುವಿಗೂ ಸಂಖ್ಯೆ ಬರೆದ ಫಲಕವಿದೆ. ಹೆದರುವವರಿಗೆ ಹೆದರಿಕೆಯನ್ನು ಎಣಿಸಿಕೊಳ್ಳುವುದಕ್ಕೆ ಅನುಕೂಲ. ಹಿಂದೆ ಗಾಡಿಯ ಪಕ್ಕ ಒಂದು ಗೋಣಿಚೀಲದ ಗಂಟಿತ್ತು. ಮಧ್ಯೆ ಟೀ ಕುಡಿಯಲು ನಿಲ್ಲಿಸಿದಾಗ ಅದರ ಮೇಲೆಯೇ ಕುಳಿತು ಚಿತ್ರಾನ್ನ ತಿಂದೆ. ಮೆತ್ತಗಿತ್ತು.

ಭಾನುವಾರ ಬೆಳಿಗ್ಗೆ ಮೋಡ, ಗಾಳಿ, ತಂಪು. ಗಾಡಿಗಳ ಕನ್ನಡಿ ಬಿಚ್ಚಿಸಿದರು, ದೀಪದ ಗಾಜಿಗೆ ಟೇಪು ಅಂಟಿಸಿದರು. ಚರ್ಮದ ಉಡುಪು, ಬೆನ್ನಿಗೆ ಗಟ್ಟಿ ಕವಚ, ಮುಖ ಮುಚ್ಚುವ ಹೆಲ್ಮೆಟ್. ನಲವತ್ತು ಗಂಡುಹುಡುಗರ ನಡುವೆ ಮೂರು ಹುಡುಗಿಯರು. ಏನಾದರೂ ಆದರೆ ನಾವೇ ಹೊಣೆ ಎಂದು ಬರೆದುಕೊಡುವ ಒಂದು ಅರ್ಜಿ. ಅದರಲ್ಲಿ 'ತುರ್ತಿಗೆ ಯಾರನ್ನು ಕರೆಯಬೇಕು' ಎಂಬಲ್ಲಿ ಮಗಳು ನನ್ನ ಹೆಸರು ಬರೆದಿದ್ದಳು. ಮೊಬೈಲ್ ನಂಬರಿನ ಮುಂದೆ 'ಇಲ್ಲೇ ಇದ್ದಾರೆ' ಎಂದು ಸೇರಿಸಿದ್ದಳು. ಅದನ್ನು ಓದಿ ನನಗೆ ನಗು ಬಂತೋ ಅಳು ಬಂತೋ.

ತಂತಿಬೇಲಿಯ ಹಿಂದೆ ನಿಂತು ನೋಡಿದೆ. ಮೊದಲ ಸುತ್ತು ಎಲ್ಲರೂ ನಿಧಾನ. ಎರಡನೆಯದು ಸ್ವಲ್ಪ ಜೋರು. ಮೂರನೆಯ ಸುತ್ತಿನಲ್ಲಿ ನಾನು ನಿಂತ ಎದುರಿನ ತಿರುವಿಗೆ ಅವಳು ಬಂದಳು. ಮುಂದಿದ್ದವರೆಲ್ಲ ಬಾಗಿ ತಿರುಗಿಹೋದರು. ಇವಳ ಗಾಡಿ ಬಾಗಲೇ ಇಲ್ಲ. ಬಾಗಿಸಲು ಒದ್ದಾಡುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಆಮೇಲೆ ಒಮ್ಮೆಲೇ ಬಾಗಿ, ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಜಾರಿ, ನೆಟ್ಟಗಾಗಿ, ಡಾಂಬರು ಬಿಟ್ಟು ಹುಲ್ಲಿನ ಮೇಲೆ ಧೂಳೆಬ್ಬಿಸುತ್ತ ಹೋಯಿತು. ಹಳದಿ ಬಾವುಟ ಬೀಸಿದರು. ನನ್ನ ಕೈ ತಂತಿಬೇಲಿಗೆ ಸಿಕ್ಕಿಕೊಂಡು ಗೀರಿದ್ದು ನನಗೆ ಗೊತ್ತಾದದ್ದು ಮಧ್ಯಾಹ್ನ.

ಬಿದ್ದಿರಲಿಲ್ಲ. ತಳ್ಳಿಕೊಂಡು ಬಂದು ಹೆಲ್ಮೆಟ್ ತೆಗೆದಾಗ ಮುಖ ಬಿಳಿಚಿತ್ತು. ನನ್ನ ಮೇಲೆ ಹರಿಹಾಯುತ್ತಾಳೆ ಅಂದುಕೊಂಡೆ. ಅವಳು ಒಂದು ಬಾಟಲಿ ನೀರು ಕುಡಿದು, "ಟೈರು ಬಿಸಿಯಾಗಲಿಲ್ಲ ಅಮ್ಮ" ಅಂದಳು, ಅಷ್ಟೇ. ಅವರ ಗುಂಪಿಗೆ ಹೇಳಿಕೊಡುತ್ತಿದ್ದ ಒಬ್ಬರು, ನನ್ನ ತಮ್ಮನ ವಯಸ್ಸಿನವರು, ಬಂದು ಕುಕ್ಕರಗಾಲಲ್ಲಿ ಕುಳಿತು ಚಕ್ರ ನೋಡಿದರು. ಅವರಿಗೆ ಕನ್ನಡ ಬರುತ್ತಿತ್ತು. ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ನನ್ನ ಮಾತಿನಲ್ಲಿ ಹೇಳುತ್ತೇನೆ.

ನಾಲ್ಕಿಂಚಿನ ರಿಮ್ಮಿಗೆ ಅಗಲದ ಟೈರು ಹಾಕಿದರೆ ಅದರ ಅಂಚುಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ಚೀಲದ ಬಾಯಿಗೆ ದಾರ ಪೋಣಿಸಿ ಬಿಗಿದ ಹಾಗೆ. ರಿಮ್ಮು ಅರ್ಧ ಇಂಚು ಕಡಿಮೆಯಾದರೆ ಟೈರಿನ ಅಗಲ ಸುಮಾರು ಐದು ಮಿಲಿಮೀಟರ್ ಕುಗ್ಗುತ್ತದೆ. ಹಾಗಾಗಿ 160 ಎಂದು ಕೊಂಡದ್ದು 160 ಆಗಿಯೂ ಉಳಿಯುವುದಿಲ್ಲ. ಅಗಲ ಕುಗ್ಗುವುದಿರಲಿ, ನೆಲಕ್ಕೆ ತಾಗುವ ಮೈಯ ಆಕಾರವೇ ಕೆಡುತ್ತದೆ. ನಡು ಉಬ್ಬಿ ಎರಡೂ ಅಂಚು ಒಳಗೆ ಸರಿಯುತ್ತವೆ, ಬಾಗಿದಾಗ ಆ ಅಂಚುಗಳು ನೆಲ ಮುಟ್ಟುವುದೇ ಇಲ್ಲ. ದುಡ್ಡು ಕೊಟ್ಟ ಬಟ್ಟೆ ಹೊಲಿಗೆಯ ಒಳಗೇ ಉಳಿದುಹೋಯಿತು.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. ಗಾಡಿಯ ಭಾರ ಅಷ್ಟೇ, ಟೈರಿನ ಗಾಳಿ ಅಷ್ಟೇ ಆದರೆ ನೆಲಕ್ಕೆ ತಾಗುವ ತುಂಡಿನ ವಿಸ್ತೀರ್ಣವೂ ಹೆಚ್ಚೂಕಡಿಮೆ ಅಷ್ಟೇ. ಸಣ್ಣ ಟೈರಿನಲ್ಲಿ ಅದು ಉದ್ದುದ್ದ, ಅಗಲ ಟೈರಿನಲ್ಲಿ ಅಡ್ಡಡ್ಡ. ಒಂದು ಮೀಟರ್ ಬಟ್ಟೆಯನ್ನು ಹೇಗೆ ಕತ್ತರಿಸಿದರೂ ಒಂದು ಮೀಟರೇ. ಮತ್ತೆ, ಅಗಲವಾದ ಟೈರಿನ ಗಾಡಿ ಬಾಗಿದಾಗ ನೆಲ ತಾಗುವ ಜಾಗ ನಡುಗೆರೆಯಿಂದ ಹೆಚ್ಚು ದೂರ ಸರಿಯುತ್ತದೆ. ಆದ್ದರಿಂದ ಅದೇ ತಿರುವನ್ನು ಅದೇ ವೇಗದಲ್ಲಿ ಸುತ್ತಲು ಗಾಡಿಯನ್ನು ಇನ್ನಷ್ಟು ಮಲಗಿಸಬೇಕು. ಅಂದರೆ ನಾನು ಮಗಳು ಬೀಳದಿರಲಿ ಎಂದು ಹಾಕಿಸಿದ ಟೈರು ಅವಳನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಕರೆಯುತ್ತಿತ್ತು.

ಬಿಸಿಯ ಮಾತು ಯಾವ ಹೆಂಗಸಿಗೂ ಹೇಳಿಕೊಡಬೇಕಿಲ್ಲ. ಇಪ್ಪತ್ತೈದು ಅಶ್ವಶಕ್ತಿಯ ಚಿಕ್ಕ ಗಾಡಿ ಅದು. ದೊಡ್ಡ ಕಾವಲಿಯನ್ನು ಸಣ್ಣ ಉರಿಯ ಮೇಲಿಟ್ಟರೆ ದೋಸೆ ಏಳುತ್ತದೆಯೇ? ರಬ್ಬರು ಹದವಾಗಿ ಕಾದರೆ ನೆಲ ಹಿಡಿಯುತ್ತದೆ, ಕಾಯದಿದ್ದರೆ ಜಾರುತ್ತದೆ. ಭಾರಿ ಗಾಡಿಗಳ ಇಂಜಿನ್ನು ಹಿಂದಿನ ಚಕ್ರವನ್ನು ಎಳೆದಾಡಿ ಕಾಯಿಸುತ್ತದೆ. ಇದಕ್ಕೆ ಆ ಕಸುವಿಲ್ಲ. ಜೊತೆಗೆ ದೊಡ್ಡ ಟೈರಿನ ಹೆಚ್ಚುವರಿ ತೂಕವನ್ನು ಬೇರೆ ಉರುಳಿಸಬೇಕು.

ಎಲ್ಲವೂ ಅಗಲದ ತಪ್ಪೇ ಎಂದು ನಾನು ಹೇಳಲಾರೆ. ಟೈರು ಹೊಸದು, ನುಣುಪು ಹೋಗಿರಲಿಲ್ಲ. ಬೆಳಗಿನ ಹೊತ್ತು ತಂಪಾಗಿತ್ತು. ಅವಳಿಗೂ ಮೊದಲ ಸಲದ ಗಾಬರಿ ಇದ್ದೀತು. ಆದರೆ ಆಣೆ ಹಾಕಿದವಳು ನಾನೇ ತಾನೆ.

"ಬೇರೆ ಟೈರು ಇದೆಯೇನಮ್ಮ?" ಎಂದು ಆತ ಕೇಳಿದರು. ಮಗಳು ಇಲ್ಲವೆಂದು ತಲೆಯಾಡಿಸಿ ನನ್ನ ಕಡೆ ನೋಡಿದಳು. ನನಗೆ ಗೋಣಿಚೀಲ ನೆನಪಾಯಿತು. ಹೋಗಿ ನೋಡಿದೆ. ಸೆಣಬಿನ ದಾರದಲ್ಲಿ ಅಡ್ಡ ಎರಡು, ಉದ್ದ ಎರಡು ಸುತ್ತು ಹಾಕಿ, ಮೂಲೆಯಲ್ಲಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ನಮ್ಮವರು ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪುಸ್ತಕದ ಕಟ್ಟುಗಳಿಗೆ ಹಾಕುತ್ತಿದ್ದ ಗಂಟು. ಒಳಗೆ ಅವಳ 140 ಟೈರು. ಒದ್ದೆ ಬಟ್ಟೆಯಲ್ಲಿ ಒರೆಸಿ ಶುಭ್ರ ಮಾಡಿದ್ದರು.

ನಾವಿಬ್ಬರೂ ಅದರ ಬಗ್ಗೆ ಆಗ ಏನೂ ಮಾತಾಡಲಿಲ್ಲ. ಅಲ್ಲೇ ಒಬ್ಬ ಹುಡುಗ ಇನ್ನೂರು ರೂಪಾಯಿಗೆ ಟೈರು ಬದಲಾಯಿಸಿಕೊಟ್ಟ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿಗೆ ಬಾಣದ ಗುರುತಿರುತ್ತದೆ, ಅದನ್ನು ನೋಡಿ ಹಾಕಬೇಕು. ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿ ಬರೆದಿರುತ್ತದೆ. 4816 ಎಂದರೆ 2016ರ ನಲವತ್ತೆಂಟನೇ ವಾರ. ನಿಮ್ಮ ಸ್ಕೂಟರಿನ ಟೈರನ್ನೂ ಒಮ್ಮೆ ಬಗ್ಗಿ ನೋಡಿ. ನಾನು ಊರಿಗೆ ಬಂದು ನನ್ನದನ್ನು ನೋಡಿದರೆ ಒಂಬತ್ತು ವರ್ಷದ ಮುದುಕ, ಮಾರನೇ ದಿನವೇ ಬದಲಾಯಿಸಿದೆ. ಗಾಳಿಯನ್ನು ರಸ್ತೆಯಲ್ಲಿ ಇಡುವುದಕ್ಕಿಂತ ನಾಲ್ಕೈದು ಪೌಂಡು ಇಳಿಸಿದರು. ಓಡಿ ಕಾದಾಗ ಅದು ತಾನೇ ಏರುತ್ತದಂತೆ.

ಮಧ್ಯಾಹ್ನದ ಎರಡು ಸರದಿ, ಸಂಜೆ ಒಂದು. ಅದೇ ತಿರುವು. ಗಾಡಿ ಬಾಗಿತು, ಮಂಡಿ ನೆಲಕ್ಕೆ ಇನ್ನು ಒಂದು ಗೇಣು ಇದೆ ಅನ್ನುವಷ್ಟು ಬಾಗಿತು, ಎದ್ದಿತು, ಹೋಯಿತು. ಪ್ರತಿ ಸುತ್ತಿಗೂ ನನ್ನ ಉಸಿರು ಅಲ್ಲಿ ನಿಂತು ಇಲ್ಲಿ ಬರುತ್ತಿತ್ತು. ಆದರೂ ಹೇಳಿಬಿಡುತ್ತೇನೆ, ನೋಡಲು ಚೆಂದವಿತ್ತು. ಉಳಿದ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಅಜ್ಜಿ ಬಂದಿದ್ದರು, ಸೇಲಂ ಕಡೆಯವರು. ನನಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನೋಡಿದೆವು.

ಮನೆಗೆ ಬಂದಾಗ ಸೋಮವಾರ ಸಂಜೆ. ನಮ್ಮವರು ಬಾಗಿಲಲ್ಲೇ ಇದ್ದರು. ಗಾಡಿ ಇಳಿಸುವಾಗ ಹಿಂದಿನ ಚಕ್ರ ನೋಡಿದರು. "ಹ್ಞೂ" ಅಂದರು. ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಮದುವೆಯಾದ ಮೇಲೆ ಅವರು ಒಲೆ ಹಚ್ಚಿದ್ದು ಅದು ಐದನೆಯ ಸಲವೋ ಆರನೆಯ ಸಲವೋ.

ಉಳಿದದ್ದು ತಮ್ಮನ ಪ್ರಶ್ನೆ. ಫೋನಿನಲ್ಲಿ ಹೇಳಿದೆ. ಹೇಗೆ ಹೇಳಿದೆನೋ, ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತದೆ. "ಆಯ್ತು ಬಿಡಕ್ಕ, ಅವಳಿಗೆ ಬೇಡವಾದರೆ ಬೇಡ" ಅಂದ. ಯಾರೋ ಪರಿಚಯದವರ ಆರುನೂರೈವತ್ತು ಸಿಸಿ ಗಾಡಿಗೆ ಅದನ್ನು ಕೊಡಿಸಿದನಂತೆ, ನಷ್ಟಕ್ಕೆ. ಆಮೇಲೆ ಎರಡು ತಿಂಗಳು ಅವನ ಫೋನಿಲ್ಲ. ಆಸ್ಪತ್ರೆಯ ಕೌಂಟರು ಮತ್ತೆ ಮತ್ತೆ ನನ್ನ ಕಣ್ಣ ಮುಂದೆ ಬರುತ್ತಿತ್ತು. ಮಗಳು, "ನಾನೇ ಮಾತಾಡಲಾ?" ಅಂದಳು. ಬೇಡವೆಂದೆ.

ಗೌರಿ ಹಬ್ಬಕ್ಕೆ ಅವನು ಬರುತ್ತಾನೋ ಇಲ್ಲವೋ ಎಂದು ಬಾಗಿಲ ಕಡೆ ನೋಡಿ ನೋಡಿ ಒಬ್ಬಟ್ಟಿನ ಹೂರಣ ತಳ ಹತ್ತಿಸಿದೆ. ಹನ್ನೊಂದು ಗಂಟೆಗೆ ಬಂದ. ಎಂದಿನಂತೆ ಮೊರದ ಬಾಗಿನ, ರವಿಕೆ ಕಣ, ಒಂದು ಡಜನ್ ಹಸಿರು ಬಳೆ. ಮಗಳ ಕೈಗೆ ಒಂದು ಲಕೋಟೆ ಕೊಟ್ಟು, "ಸೈಜು ನೀನೇ ನೋಡ್ಕೊಳೆ ತಾಯಿ, ನನಗೆ ಅದೆಲ್ಲ ತಿಳಿಯಲ್ಲ" ಅಂದ. ಅವಳು ಮಾವನ ಕಾಲಿಗೆ ನಮಸ್ಕಾರ ಮಾಡಿ, ಅಂಗಳಕ್ಕೆ ಕರೆದುಕೊಂಡು ಹೋಗಿ ಚಕ್ರ ತೋರಿಸಿ ಅರ್ಧ ಗಂಟೆ ಪಾಠ ಹೇಳಿದಳು. ಎಂಜಿನಿಯರಾದ ಅವನು ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕುಳಿತು ಕೇಳಿದ. 2019ರಲ್ಲಿ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಾಗ ಮಗಳಿಗಿಂತ ಮೊದಲು ಫೋನು ಮಾಡಿ ಕುಣಿದಾಡಿದವನೂ ಅವನೇ. ಅದು ಆಮೇಲಿನ ಮಾತು.

ಊಟಕ್ಕೆ ಬಡಿಸುವ ಮುಂಚೆ ಬಳೆ ತೊಟ್ಟುಕೊಂಡೆ. ಇಪ್ಪತ್ತು ವರ್ಷದಿಂದ ಅವನು ತರುವುದು ಎರಡು ಎಂಟರ ಬಳೆ, ನಮ್ಮಮ್ಮನ ಕೈಯ ಅಳತೆ. ತೊಟ್ಟು ಸಾಂಬಾರಿನ ಸೌಟು ಎತ್ತಿದರೆ ಮೊಣಕೈಗೆ ಓಡುತ್ತವೆ, ಕೈ ಇಳಿಸಿದರೆ ಬೆರಳಿಗೆ ಬರುತ್ತವೆ. ಪ್ರತಿ ವರ್ಷವೂ ಹಬ್ಬ ಮುಗಿದ ಮಾರನೇ ದಿನ ತೆಗೆದು ಪೆಟ್ಟಿಗೆಯಲ್ಲಿ ಇಡುತ್ತೇನೆ. ಪೆಟ್ಟಿಗೆ ತುಂಬಿ ಎರಡನೆಯ ಪೆಟ್ಟಿಗೆ ಮಾಡಿದ್ದೇನೆ.

ಅನ್ನ ಬಡಿಸುತ್ತ, "ನನ್ನ ಕೈ ಎರಡು ನಾಲ್ಕು ಕಣೋ" ಅಂದೆ.

ಅವನು ತುತ್ತು ಬಿಟ್ಟು ನನ್ನ ಕೈ ನೋಡಿದ. "ಯಾವಾಗಿಂದ?" ಅಂದ.